ಪೊಟರೆಗಳ ಲೆಕ್ಕ

(ಬೆಳಗಾವಿಯ ರಾಮತೀರ್ಥ ನಗರದ ಇಬ್ಬರು ನೆರೆಯವರ ನಡುವಿನ ಮಾತು. ಒಬ್ಬರು ನೀರಾವರಿ ಇಲಾಖೆಯಿಂದ ನಿವೃತ್ತರಾದ ಹಿರಿಯರು. ಇನ್ನೊಬ್ಬಳು ಪ್ರಾಣಿಶಾಸ್ತ್ರ ಓದಿದ ಕಿರಿಯಳು.)

ಹಿರಿಯರು: ತಂಗೀ, ಮಲಬಾರ್ ಬೂದು ಮಂಗಟ್ಟೆಗೆ ಅಳಿವಿನ ಭೀತಿ ಇದೆ ಅಂತ ನೀವೆಲ್ಲ ಹೇಳುತ್ತಿದ್ದೀರಿ. ನನಗದು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ. ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ ಕಡೆ ಹೋದವರೆಲ್ಲ ಅದರ ಗಹಗಹಿಸುವ ಕೂಗು ಕೇಳಿಕೊಂಡೇ ಬರುತ್ತಾರೆ. ಬಯಲುಸೀಮೆಯ ಊರುಗಳ ಆಲ, ಅರಳಿ ಮರಗಳಲ್ಲೂ ಮಂಗಟ್ಟೆ ಕೂತಿರುತ್ತದೆ. ಇಷ್ಟು ಸಲೀಸಾಗಿ ಕಣ್ಣಿಗೆ ಬೀಳುವ ಹಕ್ಕಿಯನ್ನು ಅಪಾಯದ ಪಟ್ಟಿಗೆ ಸೇರಿಸಿದರೆ, ನಾಳೆ ನಿಜವಾಗಿ ಅಪಾಯದಲ್ಲಿರುವ ಜೀವಿಯ ಬಗ್ಗೆ ಹೇಳಿದಾಗ ಜನ ನಂಬುತ್ತಾರೇನು?

ಕಿರಿಯಳು: ಕಾಕಾ, ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಹಕ್ಕಿಗಳು ಸೇರಿಕೊಂಡಿವೆ, ಮೊದಲು ಅವನ್ನು ಬಿಡಿಸಿಕೊಳ್ಳೋಣ. ಬಯಲುಸೀಮೆಯ ಆಲ, ಬಸರಿ ಮರಗಳಿಗೆ ಬರುವುದು ಭಾರತೀಯ ಬೂದು ಮಂಗಟ್ಟೆ. ಅದರ ಕೊಕ್ಕಿನ ಮೇಲೆ ಚೂಪಾದ ಪುಟ್ಟ ಕೊಂಬಿದೆ. ದೇಶದ ಬಹುಭಾಗದಲ್ಲಿ, ದೊಡ್ಡ ನಗರಗಳ ತೋಟಗಳಲ್ಲೂ ಅದು ಹೊಂದಿಕೊಂಡು ಬಾಳುತ್ತಿದೆ. ಅದಕ್ಕೆ ಸದ್ಯ ಅಂಥ ಭಯವಿಲ್ಲ. ಖಾನಾಪುರದ ಕಾಡಿನದು ಮಲಬಾರ್ ಬೂದು ಮಂಗಟ್ಟೆ. ಉದ್ದ ಸುಮಾರು 45 ಸೆಂ.ಮೀ., ನಮ್ಮ ದೇಶದ ಮಂಗಟ್ಟೆಗಳಲ್ಲೇ ಚಿಕ್ಕದು. ಕೊಕ್ಕಿನ ಮೇಲೆ ಕೊಂಬಿಲ್ಲ, ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬಿದೆ. ಗಂಡಿನ ಕೊಕ್ಕು ಕಿತ್ತಳೆ ಬಣ್ಣದ್ದು, ಹೆಣ್ಣಿನದು ಮಾಸಲು ಹಳದಿ, ಬುಡದಲ್ಲಿ ಕಪ್ಪು. ಮಹಾರಾಷ್ಟ್ರದ ಸಹ್ಯಾದ್ರಿಯಿಂದ ಕೇರಳದವರೆಗಿನ ಪಶ್ಚಿಮ ಘಟ್ಟವೊಂದೇ ಅದರ ಜಗತ್ತು. ಇಲ್ಲಿ ಇಲ್ಲವಾದರೆ ಭೂಮಿಯ ಮೇಲೆ ಬೇರೆಲ್ಲೂ ಅದು ಸಿಗುವುದಿಲ್ಲ. ಪಶ್ಚಿಮ ಘಟ್ಟದ ಆಸುಪಾಸಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ದೊಡ್ಡ ಮಂಗಟ್ಟೆ ಈಶಾನ್ಯ ಭಾರತದಿಂದ ಸುಮಾತ್ರಾದವರೆಗೂ ಇದೆ. ಮಲಬಾರ್ ಕಪ್ಪು-ಬಿಳಿ ಮಂಗಟ್ಟೆ ಮಧ್ಯ ಭಾರತದಲ್ಲೂ ಶ್ರೀಲಂಕಾದಲ್ಲೂ ಇದೆ. ನಾಲ್ಕರಲ್ಲಿ ಘಟ್ಟಕ್ಕೆ ಮಾತ್ರ ಸೀಮಿತವಾದದ್ದು ಮಲಬಾರ್ ಬೂದು ಮಂಗಟ್ಟೆಯೊಂದೇ. ಆದ್ದರಿಂದ ಊರ ಆಲದ ಮರದಲ್ಲಿ ಕಂಡ ಹಕ್ಕಿಯನ್ನು ಸಾಕ್ಷಿಯಾಗಿ ನಿಲ್ಲಿಸಿ ಕಾಡಿನ ಹಕ್ಕಿ ಕ್ಷೇಮವಾಗಿದೆ ಎಂದು ತೀರ್ಮಾನಿಸಲು ಬರುವುದಿಲ್ಲ.

ಹಿರಿಯರು: ಹಕ್ಕಿ ಬೇರೆ ಎಂಬುದನ್ನು ಒಪ್ಪಿದೆ. ಆದರೆ ಪಶ್ಚಿಮ ಘಟ್ಟವೇನು ಸಣ್ಣ ಗುಡ್ಡವೇ? ತಾಪಿ ನದಿಯ ಬಳಿಯಿಂದ ಕನ್ಯಾಕುಮಾರಿಯವರೆಗೆ 1,600 ಕಿ.ಮೀ. ಉದ್ದ. ಇಷ್ಟು ದೊಡ್ಡ ಸೀಮೆಯ ಹಕ್ಕಿಗೆ ನೆಲೆ ಕಡಿಮೆ ಎನ್ನುವುದು ಹೇಗೆ?

ಕಿರಿಯಳು: ನಕ್ಷೆಯಲ್ಲಿ ಗೆರೆ ಎಳೆದು ಒಳಗೆಲ್ಲ ಬಣ್ಣ ತುಂಬಿದರೆ ಸೀಮೆ ದೊಡ್ಡದಾಗಿಯೇ ಕಾಣುತ್ತದೆ. ಆ ಬಣ್ಣದ ಒಳಗೆ ಜಲಾಶಯಗಳಿವೆ, ಕಬ್ಬಿನ ಗದ್ದೆಗಳಿವೆ, ಪಟ್ಟಣಗಳಿವೆ, ಬೋಳು ಗುಡ್ಡಗಳಿವೆ. ಹಣ್ಣು ತಿಂದು, ಹೆಮ್ಮರದ ಪೊಟರೆಯಲ್ಲಿ ಮರಿ ಮಾಡುವ ಹಕ್ಕಿಗೆ ಅವು ಯಾವುವೂ ಮನೆಯಲ್ಲ. 2017ರಲ್ಲಿ ವಿಜಯ್ ರಮೇಶ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟಕ್ಕೆ ಸೀಮಿತವಾದ 18 ಹಕ್ಕಿಗಳ ನೆಲೆಯನ್ನು ಹೊಸದಾಗಿ ಅಂದಾಜು ಮಾಡಿದರು. ಹಕ್ಕಿ ವೀಕ್ಷಕರು ಬರೆದಿಟ್ಟ ದಾಖಲೆ, ಹವಾಮಾನ ಮತ್ತು ಕಾಡಿನ ಹೊದಿಕೆಯ ಮಾಹಿತಿ, ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ 18ರಲ್ಲಿ 17 ಹಕ್ಕಿಗಳ ನೆಲೆಯನ್ನು ಅಧಿಕೃತ ನಕ್ಷೆಗಳು ಇರುವುದಕ್ಕಿಂತ ಹಿಗ್ಗಿಸಿ ತೋರಿಸಿದ್ದವು ಎಂಬುದು ತಿಳಿಯಿತು. ನೆಲೆ ಹಿಗ್ಗಿ ಕಂಡರೆ ಅಪಾಯ ಕುಗ್ಗಿ ಕಾಣುತ್ತದೆ. ಅನೇಕ ವರ್ಷ ಈ ಮಂಗಟ್ಟೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ‘ಲೀಸ್ಟ್ ಕನ್ಸರ್ನ್’ ವರ್ಗದಲ್ಲಿ, ಅಂದರೆ ಕಾಳಜಿಗೆ ಕಾರಣವಿಲ್ಲದ ಹಕ್ಕಿಗಳ ಸಾಲಿನಲ್ಲಿ ಇತ್ತು. 2020ರಲ್ಲಿ ಅದನ್ನು ನಡುವಿನ ಮೆಟ್ಟಿಲು ಬಿಟ್ಟು ನೇರವಾಗಿ ‘ವಲ್ನರಬಲ್’ ವರ್ಗಕ್ಕೆ ಏರಿಸಲಾಯಿತು. ಅಳಿವಿನ ಭೀತಿಯ ಮೂರು ವರ್ಗಗಳಲ್ಲಿ ಇದು ಮೊದಲನೆಯದು.

ಈ ವರ್ಗ ಸಿಗುವ ಬಗೆಯನ್ನೂ ತಿಳಿಯಬೇಕು. ಕೆಂಪು ಪಟ್ಟಿಗೆ ಹಲವು ಅಳತೆಗೋಲುಗಳಿವೆ. ಒಂದು, ನೆಲೆಯ ವಿಸ್ತಾರ 20,000 ಚದರ ಕಿ.ಮೀ.ಗಿಂತ ಕಡಿಮೆಯಿದ್ದು, ಜೊತೆಗೆ ಆ ನೆಲೆ ತುಂಡಾಗುತ್ತ ಕುಗ್ಗುತ್ತಿರಬೇಕು. ಇನ್ನೊಂದು, ಹಕ್ಕಿಯ ಸಂಖ್ಯೆ ಮೂರು ಪೀಳಿಗೆಯ ಅವಧಿಯಲ್ಲಿ ಶೇ. 30ರಷ್ಟಾದರೂ ಇಳಿದಿರಬೇಕು. ಮೊದಲನೆಯ ಗೋಲು ಎಷ್ಟು ಜಾಗದಲ್ಲಿದೆ ಎಂದು ಕೇಳುತ್ತದೆ, ಎರಡನೆಯದು ಎಷ್ಟು ಬೇಗ ಇಳಿಯುತ್ತಿದೆ ಎಂದು. ಮಂಗಟ್ಟೆಯನ್ನು ಮೇಲಿನ ವರ್ಗಕ್ಕೆ ಒಯ್ದದ್ದು ಇಳಿಕೆಯ ಲೆಕ್ಕ. ಅದಕ್ಕೇ ಹೇಳುವುದು, ‘ಇನ್ನೂ ಬೇಕಾದಷ್ಟಿವೆಯಲ್ಲ’ ಎಂಬ ಉತ್ತರ ಈ ಪ್ರಶ್ನೆಗೆ ಹೊಂದುವುದಿಲ್ಲ. ಇಂದು ಎಷ್ಟಿವೆ ಎಂಬುದರ ಜೊತೆಗೆ ಹಿಂದೆ ಎಷ್ಟಿದ್ದವು, ಮುಂದೆ ಎಷ್ಟು ಉಳಿದಾವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಿರಿಯರು: ಇಳಿದಿದೆ ಎಂದು ಎಣಿಸಿದವರು ಯಾರು? ರಜೆಯ ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕಾಡಿಗೆ ಹೋಗುವ ಹವ್ಯಾಸಿಗಳು ತಾನೇ? ನಾನು ಮೂರು ದಶಕ ಹೊಳೆಯ ನೀರು ಅಳೆಯುವವರ ನಡುವೆ ಕೆಲಸ ಮಾಡಿದವನು. ಮಾಪಕ ಸರಿಯಿಲ್ಲದಿದ್ದರೆ ಅಂಕಿಗೆ ಬೆಲೆ ಇಲ್ಲ.

ಕಿರಿಯಳು: ಸರಿಯಾದ ಆಕ್ಷೇಪವೇ. ಅದಕ್ಕೆ ಮಾಪಕದ ವಿಧಾನವನ್ನೇ ನೋಡೋಣ. ಇ-ಬರ್ಡ್ ಎಂಬ ವೇದಿಕೆಯಲ್ಲಿ ವೀಕ್ಷಕರು ಕಂಡ ಹಕ್ಕಿಯ ಹೆಸರಷ್ಟೇ ಬರೆಯುವುದಿಲ್ಲ. ಎಲ್ಲಿ, ಎಷ್ಟು ಹೊತ್ತಿಗೆ ಶುರು ಮಾಡಿದರು, ಎಷ್ಟು ನಿಮಿಷ ನೋಡಿದರು, ಎಷ್ಟು ದೂರ ನಡೆದರು, ಕಂಡ-ಕೇಳಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದಾರೆಯೇ ಇಲ್ಲವೇ ಎಂಬುದನ್ನೂ ದಾಖಲಿಸುತ್ತಾರೆ. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ಒಂದು ಹೆಸರು ಇಲ್ಲದಿರುವುದೂ ಮಾಹಿತಿಯೇ. ನೂರು ಪೂರ್ಣ ಪಟ್ಟಿಗಳಲ್ಲಿ ಎಷ್ಟರಲ್ಲಿ ಈ ಹಕ್ಕಿ ಇದೆ ಎಂಬ ಪ್ರಮಾಣವನ್ನು ತೆಗೆದು, ವರ್ಷದಿಂದ ವರ್ಷಕ್ಕೆ ಹೋಲಿಸುತ್ತಾರೆ. ವೀಕ್ಷಕರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಪ್ರಮಾಣ ಏರುವುದಿಲ್ಲ, ಇಳಿಯುವುದೂ ಇಲ್ಲ. ಈ ಬಗೆಯ ಪಟ್ಟಿಗಳನ್ನು ಆಧರಿಸಿ 2020ರಲ್ಲಿ ಹೊರಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 867 ಪ್ರಭೇದಗಳನ್ನು ಪರಿಶೀಲಿಸಿತು, 2023ರ ವರದಿ 942ನ್ನು. ಒಬ್ಬೊಬ್ಬರ ತಪ್ಪು ಇರಬಹುದು. ಆದರೆ ಸಾವಿರಾರು ಮಂದಿಯ ಪಟ್ಟಿಗಳು ಒಂದೇ ದಿಕ್ಕಿಗೆ ಬಾಗುತ್ತಿದ್ದರೆ ಅದನ್ನು ಹವ್ಯಾಸಿಗಳ ಭ್ರಮೆ ಎಂದು ತಳ್ಳಿಹಾಕಲಾಗದು.

ಆದರೂ ನಿಮ್ಮ ಆಕ್ಷೇಪದಲ್ಲಿ ಉಳಿಯಬೇಕಾದ ಒಂದು ಸತ್ಯಾಂಶವಿದೆ. ಈ ವಿಧಾನ ಇಡೀ ಪ್ರಭೇದದ ಒಲವನ್ನು ಹೇಳಬಲ್ಲದು. ಖಾನಾಪುರ ತಾಲೂಕಿನ ಒಂದು ಕಣಿವೆಯಲ್ಲಿ ಏನಾಗುತ್ತಿದೆ ಎಂದು ಹೇಳುವಷ್ಟು ಸೂಕ್ಷ್ಮವಲ್ಲ. ವೀಕ್ಷಕರು ರಸ್ತೆ ಇರುವಲ್ಲಿಗೆ, ಉಳಿಯಲು ವ್ಯವಸ್ಥೆ ಇರುವಲ್ಲಿಗೆ ಹೆಚ್ಚು ಹೋಗುತ್ತಾರೆ. ಮಳೆಗಾಲದಲ್ಲಿ ಒಳಕಾಡಿಗೆ ಯಾರೂ ಇಳಿಯುವುದಿಲ್ಲ. ಕೆಂಪು ಪಟ್ಟಿಯ ತೀರ್ಮಾನಗಳು ಬದಲಾಗುವುದೂ ಉಂಟು. ಇದೇ ತಾಲೂಕಿನ ಭೀಮಗಡದ ಬಾರಾಪೇಡೆ ಗುಹೆಗಳ ರಾಟನ್ ಬಾವಲಿ ದೀರ್ಘಕಾಲ ಆ ಒಂದೇ ಜಾಗದ್ದು ಎಂದು ನಂಬಲಾಗಿತ್ತು. ಅದನ್ನು ಅತ್ಯಂತ ಅಪಾಯದ ವರ್ಗದಲ್ಲಿ ಇಟ್ಟಿದ್ದರು. ಮುಂದೆ ಮೇಘಾಲಯದಲ್ಲಿ, ಕಾಂಬೋಡಿಯದಲ್ಲಿ ಅದು ಸಿಕ್ಕ ಮೇಲೆ ಮಾಹಿತಿ ಸಾಲದು ಎಂಬ ವರ್ಗಕ್ಕೆ ತಂದರು. ಅಂದರೆ ಕೆಂಪು ಪಟ್ಟಿ ಹೊಸ ಸಾಕ್ಷ್ಯಕ್ಕೆ ಬಾಗಿಲು ತೆರೆದಿಟ್ಟ ದಾಖಲೆ. ಅದನ್ನು ನಂಬಲು ನನಗಿರುವ ಕಾರಣವೂ ಅದೇ. ಮಂಗಟ್ಟೆ ಖಾನಾಪುರದಲ್ಲಿ ಚೆನ್ನಾಗಿದೆ ಎನ್ನುವವರು ಅದನ್ನು ತೋರಿಸುವ ಲೆಕ್ಕ ತಂದರೆ ನಾನು ಸಂತೋಷದಿಂದ ಒಪ್ಪುತ್ತೇನೆ.

ಹಿರಿಯರು: ಲೆಕ್ಕ ಯಾಕೆ, ಕಣ್ಣೆದುರಿಗೇ ಇದೆಯಲ್ಲ! ಇಲ್ಲಿಂದ ಮೂವತ್ತು ಕಿ.ಮೀ. ಆಸುಪಾಸಿನ ಖಾನಾಪುರ ದಾಟಿ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಹಕ್ಕಿ ಕಾಣುತ್ತದೆ, ಕೇಳುತ್ತದೆ. ಕಾಣುವ ಹಕ್ಕಿ ಕಾಡು ಚೆನ್ನಾಗಿರುವುದರ ಗುರುತಲ್ಲವೇ?

ಕಿರಿಯಳು: ಇಲ್ಲಿಯೇ ನನ್ನ ವಾದದ ಗಂಟು ಇದೆ. ಮಂಗಟ್ಟೆ ಕಾಣುವುದು ಒಂದು ಮಾತು, ಮಂಗಟ್ಟೆ ಮರಿ ಮಾಡುವುದು ಬೇರೆ ಮಾತು. ಅದರ ಸಂಸಾರ ಹೇಗೆ ನಡೆಯುತ್ತದೆ ನೋಡ್ರಿ. ಚಳಿ ಇಳಿದು ಬೇಸಿಗೆ ಕಾಲಿಡುವ ಹೊತ್ತಿಗೆ ಜೋಡಿ ಪೊಟರೆ ಹುಡುಕತೊಡಗುತ್ತದೆ. ಮರಕುಟಿಗದ ಹಾಗೆ ಮರ ಕೊರೆಯುವ ಶಕ್ತಿ ಅದಕ್ಕಿಲ್ಲ. ಗಾಳಿಗೆ ಕೊಂಬೆ ಮುರಿದು, ಆ ಗಾಯಕ್ಕೆ ಮಳೆನೀರು ಇಳಿದು, ಅಣಬೆ ಹಿಡಿದು, ವರ್ಷಾನುವರ್ಷ ಒಳಗೊಳಗೇ ಕೊಳೆತು ಆದ ಪೊಟರೆಯೇ ಬೇಕು. ಅದರ ಒಳಗೆ ದೊಡ್ಡ ಹಕ್ಕಿ ಕೂರುವಷ್ಟು ಜಾಗವಿರಬೇಕು, ಬಾಯಿ ಕಿರಿದಾಗಿರಬೇಕು, ಮರ ಗಟ್ಟಿಯಾಗಿ ನಿಂತಿರಬೇಕು. ಹೆಣ್ಣು ಒಳಹೊಕ್ಕು ತನ್ನದೇ ಹಿಕ್ಕೆಯಿಂದ ಬಾಯಿಯನ್ನು ಮೆತ್ತಿ ಮುಚ್ಚುತ್ತದೆ, ಕೊಕ್ಕು ಚಾಚುವಷ್ಟು ಸೀಳು ಮಾತ್ರ ಉಳಿಸುತ್ತದೆ. ಆಮೇಲೆ ಮೊಟ್ಟೆ, ಕಾವು, ಮರಿ, ಎಲ್ಲ ಸೇರಿ ಹತ್ತಿರ ಹತ್ತಿರ ಮೂರು ತಿಂಗಳು. ಅಷ್ಟು ದಿನವೂ ಗಂಡು ಹಣ್ಣನ್ನು ಗಂಟಲಲ್ಲಿ ತುಂಬಿಕೊಂಡು ಬಂದು, ಸೀಳಿನ ಮುಂದೆ ಕಾಂಡಕ್ಕೆ ಆತುಕೊಂಡು, ಒಂದೊಂದಾಗಿ ಕಕ್ಕಿ ಒಳಗೆ ದಾಟಿಸುತ್ತದೆ. ಅತ್ತಿ, ಗೋಳಿ, ಬಸರಿ ಜಾತಿಯ ಹಣ್ಣುಗಳೇ ಮುಖ್ಯ ಆಹಾರ. ಮರಿಗಳಿಗೆ ಹುಳು-ಹುಪ್ಪಟೆ, ಹಲ್ಲಿಯಂಥವೂ ಬೇಕು. ಈ ನಡುವೆ ಆ ಮರ ಉರುಳಿದರೆ, ಗಂಡು ಸತ್ತರೆ, ಆ ವರ್ಷದ ಸಂಸಾರ ಮುಗಿದ ಹಾಗೆಯೇ. ಆನೆಮಲೆಯಲ್ಲಿ ಈ ಹಕ್ಕಿಯ ಗೂಡುಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದ ದಿವ್ಯಾ ಮುದ್ದಪ್ಪ ಅವರ ಕೆಲಸದಿಂದ ನಮಗೆ ಇದರಲ್ಲಿ ಬಹಳಷ್ಟು ತಿಳಿದಿದೆ.

ಈಗ ಯೋಚಿಸಿ. ಮಂಗಟ್ಟೆ ಅನೇಕ ವರ್ಷ ಬದುಕುವ ಹಕ್ಕಿ. ಪೊಟರೆಯ ಮರಗಳು ಒಂದೊಂದಾಗಿ ಹೋದರೂ ಪ್ರಾಯದ ಹಕ್ಕಿಗಳು ಅಲ್ಲೇ ಹಾರಾಡುತ್ತವೆ, ಕೂಗುತ್ತವೆ, ಹಣ್ಣಿನ ಮರಕ್ಕೆ ಬರುತ್ತವೆ. ಮಕ್ಕಳೆಲ್ಲ ಊರು ಬಿಟ್ಟ ಹಳ್ಳಿಯಲ್ಲಿ ಮುದುಕರಷ್ಟೇ ಉಳಿದಿದ್ದರೂ ಸಂಜೆ ಮನೆಗಳಲ್ಲಿ ದೀಪ ಉರಿಯುತ್ತದೆ. ದೂರದಿಂದ ನೋಡಿದವರಿಗೆ ಊರು ತುಂಬಿದಂತೆಯೇ ಕಾಣುತ್ತದೆ. ಕಾಡಿನಲ್ಲೂ ಹಾಗೆ. ಹಕ್ಕಿಯ ಕೂಗು ಇಂದಿನ ಕಾಡಿನ ಬಗ್ಗೆ ಎಷ್ಟು ಹೇಳುತ್ತದೋ, ದಶಕದ ಹಿಂದಿನ ಕಾಡಿನ ಬಗ್ಗೆಯೂ ಅಷ್ಟೇ ಹೇಳುತ್ತದೆ. ಇಳಿಕೆ ಕಣ್ಣಿಗೆ ಬೀಳುವ ಹೊತ್ತಿಗೆ ಅದರ ಕಾರಣ ನಡೆದುಹೋಗಿ ಬಹಳ ಕಾಲವಾಗಿರುತ್ತದೆ. ಆದ್ದರಿಂದ ಹಕ್ಕಿಗಳನ್ನು ಎಣಿಸಿದರೆ ಸಾಲದು, ಪೊಟರೆಗಳನ್ನು ಎಣಿಸಬೇಕು.

ಹಿರಿಯರು: ಹಾಗಾದರೆ ಸರ್ಕಾರ ಏನೂ ಮಾಡಿಲ್ಲವೇ? 2011ರಲ್ಲಿ ಭೀಮಗಡವನ್ನು ವನ್ಯಜೀವಿಧಾಮ ಮಾಡಿದರು. ಅದೇ ವರ್ಷ ದಾಂಡೇಲಿಯಲ್ಲಿ ಮಂಗಟ್ಟೆಗೆಂದೇ ಸಂರಕ್ಷಿತ ಮೀಸಲು ಘೋಷಿಸಿದರು. ಅರಣ್ಯ ಇಲಾಖೆ ಪ್ರತಿ ಮಳೆಗಾಲ ಸಸಿ ನೆಡುತ್ತದೆ. ಕಡಿದದ್ದಕ್ಕೆ ಬದಲಿ ಕಾಡು ಬೆಳೆಸಬೇಕೆಂಬ ಕಾನೂನೂ ಇದೆ.

ಕಿರಿಯಳು: ಮಾಡಿದ್ದಾರೆ, ಅದನ್ನು ಕೃತಜ್ಞತೆಯಿಂದಲೇ ಹೇಳಬೇಕು. ಭೀಮಗಡ ಧಾಮದ ವಿಸ್ತೀರ್ಣ 190.42 ಚದರ ಕಿ.ಮೀ. ಮಹದಾಯಿ ನದಿ ಹುಟ್ಟುವ ಕಾಡು ಅದು. ಪಶ್ಚಿಮಕ್ಕೆ ಗೋವಾದ ಮಹದಾಯಿ ಅಭಯಾರಣ್ಯ, ದಕ್ಷಿಣಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಇವುಗಳ ನಡುವೆ ಕೊಂಡಿಯಾಗಿ ನಿಂತಿದೆ. ದಾಂಡೇಲಿಯ ಮೀಸಲು 52.50 ಚದರ ಕಿ.ಮೀ. ಆದರೆ ಹಣ್ಣು ತಿನ್ನುವ ಹಕ್ಕಿ ಗಡಿ ನೋಡಿ ಹಾರುವುದಿಲ್ಲ. ಅತ್ತಿ ಜಾತಿಯ ಮರಗಳೆಲ್ಲ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಇಂದು ಈ ಕಣಿವೆ, ಬರುವ ತಿಂಗಳು ಆ ಗುಡ್ಡ ಎಂದು ಅದು ಹಣ್ಣಿನ ಹಿಂದೆ ಅಲೆಯುತ್ತದೆ. ಧಾಮದ ಹೊರಗಿನ ಮೀಸಲು ಅರಣ್ಯ, ಮಾಲ್ಕಿ ಜಮೀನಿನ ದೊಡ್ಡ ಮರಗಳು, ಹಳ್ಳಿಗಳ ದೇವರಕಾಡು, ಹೊಳೆಸಾಲಿನ ಹೆಮ್ಮರಗಳು, ಇವೆಲ್ಲ ಅದರ ಬದುಕಿನ ಭಾಗ. ಧಾಮದ ಒಳಗೆ ಕೊಡಲಿ ಬೀಳದಂತೆ ಕಾದು, ಹೊರಗಿನ ಹಣ್ಣಿನ ಮರಗಳನ್ನು ಕಳೆದುಕೊಂಡರೆ ನಾವು ಉಳಿಸಿದ್ದು ಅರ್ಧ ಮನೆ ಮಾತ್ರ.

ಇನ್ನು ಸಸಿ ನೆಡುವ ವಿಷಯ. ಅಕೇಸಿಯಾ ನೆಡುತೋಪು ಹಸಿರಾಗಿರುತ್ತದೆ, ಉಪಗ್ರಹದ ಚಿತ್ರದಲ್ಲಿ ಕಾಡಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಮಂಗಟ್ಟೆ ತಿನ್ನುವ ಹಣ್ಣಿಲ್ಲ. ಅದನ್ನು ಎಳೆಯ ಪ್ರಾಯದಲ್ಲೇ ಕಡಿಯುವುದರಿಂದ ಪೊಟರೆ ಆಗುವ ಪ್ರಶ್ನೆಯೇ ಇಲ್ಲ. ಸ್ಥಳೀಯ ಜಾತಿಯ ಸಸಿ ನೆಟ್ಟರೂ ಅದು ಕಾಂಡ ದಪ್ಪವಾಗಿ, ಒಳಗೆ ಟೊಳ್ಳಾಗಿ, ಮಂಗಟ್ಟೆಗೆ ಮನೆಯಾಗಲು ಹಲವು ಮನುಷ್ಯ ತಲೆಮಾರು ಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಈ ಹಕ್ಕಿ ಕಾಣುತ್ತದಲ್ಲ ಎನ್ನುವವರಿದ್ದಾರೆ. ನಿಜ, ಕಾಡುಮರಗಳ ನೆರಳಿನ ತೋಟದಲ್ಲಿ ಅದು ಹಣ್ಣು ಹುಡುಕಿಕೊಂಡು ಬರುತ್ತದೆ, ದೊಡ್ಡ ಮರ ಉಳಿದಿದ್ದರೆ ಗೂಡನ್ನೂ ಮಾಡಬಹುದು. ಆ ನೆರಳಿನ ಜಾಗಕ್ಕೆ ಸಿಲ್ವರ್ ಓಕ್ ಸಾಲು ಬಂದ ಕೂಡಲೇ ಅದೇ ತೋಟ ಅದಕ್ಕೆ ಪರಕೀಯವಾಗುತ್ತದೆ. ಆದ್ದರಿಂದ ಒಂದು ಜಾಗ ಹಸಿರಾಗಿದೆಯೇ ಎಂದಷ್ಟೇ ನೋಡಿದರೆ ಆಗದು. ಅಲ್ಲಿ ಹಳೆಯ ಮರ ಎಷ್ಟು ಉಳಿದಿವೆ ಎಂದು ನೋಡಬೇಕು. ಬದಲಿ ಅರಣ್ಯದ ಲೆಕ್ಕದಲ್ಲಿ ಎಕರೆಗೆ ಎಕರೆ ಸರಿಹೋಗಬಹುದು, ಪೊಟರೆಗೆ ಪೊಟರೆ ಸರಿಹೋಗುವುದಿಲ್ಲ.

ಹಿರಿಯರು: ನೀನು ಹೇಳುವ ಕಾಡಿನೊಳಗೆ ಜನರೂ ಇದ್ದಾರವ್ವಾ. ಗವಾಳಿ, ಪಾಸ್ತೋಳಿ, ಕೊಂಗಳಾ, ಆಮಗಾಂವ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕು. ರಸ್ತೆ ಕೇಳಿದರೆ ವನ್ಯಜೀವಿ ಕಾನೂನು, ಸೇತುವೆ ಕೇಳಿದರೆ ವನ್ಯಜೀವಿ ಕಾನೂನು. ಪೇಟೆಯಲ್ಲಿ ಕೂತ ನಾವು ಹಕ್ಕಿಯ ಪರ ಮಾತಾಡುತ್ತೇವೆ, ಬೆಲೆ ತೆರುವವರು ಅವರು. ಇದು ನ್ಯಾಯವೇ?

ಕಿರಿಯಳು: ನ್ಯಾಯವಲ್ಲ. ಈ ಆಕ್ಷೇಪವನ್ನು ಸಮಾಧಾನದ ಮಾತು ಹೇಳಿ ದಾಟಿಸಿಬಿಡುವುದೂ ನ್ಯಾಯವಲ್ಲ. ಮೊದಲಿಗೆ ಒಂದು ವಸ್ತುಸ್ಥಿತಿ ಹೇಳುತ್ತೇನೆ: ಘಟ್ಟದಲ್ಲಿ ಹೆಮ್ಮರಗಳನ್ನು ದೊಡ್ಡ ಪ್ರಮಾಣದಲ್ಲಿ ತೆಗೆದದ್ದು ಬ್ರಿಟಿಷರ ಕಾಲದಿಂದ ನಡೆದ ನಾಟಾ ಕಡಿತ, ರೈಲು ಮಾರ್ಗ, ಗಣಿ, ಅಣೆಕಟ್ಟು, ನೆಡುತೋಪುಗಳು. ದೇವರ ಹೆಸರಲ್ಲಿ ಹಳೆಯ ಮರಗಳನ್ನು ಮುಟ್ಟದೆ ಉಳಿಸಿದವರು ಈ ಹಳ್ಳಿಯವರು. ಮಂಗಟ್ಟೆಯ ಉಳಿವಿಗೆ ಅವರನ್ನು ಬಲವಂತವಾಗಿ ಎಬ್ಬಿಸಬೇಕೆಂದು ಈ ಹಕ್ಕಿಯ ಜೀವನಕ್ರಮದಲ್ಲಿ ಎಲ್ಲೂ ಬರೆದಿಲ್ಲ. ಒಬ್ಬ ಕುಟುಂಬಸ್ಥ ತಾನಾಗಿ ಹೊರಗೆ ಬರಲು ಬಯಸಿದರೆ ಅವನಿಗೆ ಗೌರವದ ಪರಿಹಾರ, ಭೂಮಿ, ಶಾಲೆ ಸಿಗಬೇಕು. ಅಲ್ಲೇ ಇರಲು ಬಯಸಿದವನಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಕೊಟ್ಟದ್ದು ಸಿಗಬೇಕು, ಕಾಲುಸಂಕ ಮತ್ತು ಆಂಬುಲೆನ್ಸ್ ಸಿಗಬೇಕು. ಹಳ್ಳಕ್ಕೊಂದು ಸಂಕ ಕಟ್ಟುವುದಕ್ಕೂ ಕಾಡಿನ ನಡುವೆ ಅಗಲವಾದ ಹೆದ್ದಾರಿ ಸೀಳುವುದಕ್ಕೂ ಇರುವ ಅಂತರವನ್ನು ಕಾನೂನು ಕಾಣಬೇಕು.

ಎರಡನೆಯದಾಗಿ, ಬೆಲೆ ತೆರುವವರಿಗೆ ಆದಾಯವೂ ಸಿಗುವಂತೆ ಮಾಡಿದ ನಿದರ್ಶನ ನಮ್ಮ ದೇಶದಲ್ಲೇ ಇದೆ. ಅರುಣಾಚಲ ಪ್ರದೇಶದ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ನಿಶಿ ಸಮುದಾಯದವರು ಹಿಂದೆ ಮಂಗಟ್ಟೆಯನ್ನು ಬೇಟೆಯಾಡುತ್ತಿದ್ದರು. ಒಂದು ದಶಕಕ್ಕೂ ಹಿಂದೆ ಅಲ್ಲಿ ಗೂಡು ದತ್ತು ಯೋಜನೆ ಶುರುವಾಯಿತು. ಪೇಟೆಯ ಜನ ಹಣ ಕೊಡುತ್ತಾರೆ, ಹಳ್ಳಿಯವರು ಗೂಡಿನ ಮರ ಹುಡುಕಿ, ಋತುವಿಡೀ ಕಾದು, ಮರಿ ಹೊರಬಂದ ಲೆಕ್ಕ ಬರೆದು ಸಂಬಳ ಪಡೆಯುತ್ತಾರೆ. ಆ ಗೂಡುಗಳ ಕಾಡು ಸಂರಕ್ಷಿತ ಪ್ರದೇಶದ ಒಳಗಿನದಲ್ಲ, ಹೊರಗಿನದು ಎಂಬುದನ್ನು ಗಮನಿಸಬೇಕು. ಖಾನಾಪುರದಲ್ಲಿ ಬೇಟೆಯ ಸಮಸ್ಯೆ ಅದೇ ರೀತಿಯದಲ್ಲ, ಆದರೆ ಗೂಡಿನ ಮರ ಯಾವುದೆಂದು ಬಲ್ಲವರು ಇಲ್ಲೂ ಆ ಹಳ್ಳಿಗಳವರೇ. ಅವರ ತಿಳಿವಳಿಕೆಗೆ ಕೂಲಿ ಕೊಡದೆ ನಾವು ಇಷ್ಟು ವರ್ಷ ಅವರನ್ನು ಅಪರಾಧಿಗಳಂತೆ ನೋಡಿದ್ದೇವೆ. ಮೊದಲು ಅದನ್ನು ತಿದ್ದಬೇಕು.

ಹಿರಿಯರು: ಅಷ್ಟು ಮಾತು ಒಪ್ಪಿದೆ. ಈಗ ನನ್ನ ಇಲಾಖೆಯ ಪ್ರಶ್ನೆಗೆ ಬಾ. ಹುಬ್ಬಳ್ಳಿ-ಧಾರವಾಡಕ್ಕೆ, ನರಗುಂದ, ನವಲಗುಂದಕ್ಕೆ ನೀರು ಬೇಕು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18 ಟಿಎಂಸಿ ಅಡಿ ತಿರುಗಿಸಿಕೊಳ್ಳಬಹುದು ಎಂದಿದೆ. ಆ ನೀರಿಗಾಗಿ ರೈತರು ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಅವರ ಮುಂದೆ ನಿಂತು ಒಂದು ಹಕ್ಕಿಯ ಹೆಸರು ಹೇಳಿ ಬೇಡ ಎನ್ನುವ ಧೈರ್ಯ ನಿನಗಿದೆಯೇ?

ಕಿರಿಯಳು: ನಾನು ಬೇಡ ಎನ್ನುವುದಿಲ್ಲ ಕಾಕಾ. ಆ ರೈತರ ಬೇಡಿಕೆ ನ್ಯಾಯವಾದದ್ದು, ಕುಡಿಯುವ ನೀರಿನ ಹಕ್ಕಿಗೆ ಎದುರಾಗಿ ಹಕ್ಕಿಯನ್ನು ನಿಲ್ಲಿಸುವುದು ಹಕ್ಕಿಗೂ ಒಳ್ಳೆಯದಲ್ಲ. ಕೆಂಪು ಪಟ್ಟಿಯ ಒಂದು ವರ್ಗಕ್ಕೆ ಯಾವ ಯೋಜನೆಯನ್ನೂ ತಡೆಯುವ ಅಧಿಕಾರವಿಲ್ಲ, ಇರಬೇಕೆಂದು ನಾನು ವಾದಿಸುವುದೂ ಇಲ್ಲ. ಆ ವರ್ಗ ಮಾಡುವ ಕೆಲಸ ಬೇರೆ. ಸಾಬೀತು ಮಾಡುವ ಹೊಣೆಯನ್ನು ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟಿಸುತ್ತದೆ. ಹಕ್ಕಿ ಕ್ಷೇಮವಾಗಿದೆ ಎಂಬ ವರ್ಗದಲ್ಲಿದ್ದಾಗ, ನಷ್ಟವಾಗುತ್ತದೆ ಎನ್ನುವವರು ಸಾಕ್ಷ್ಯ ತರಬೇಕಿತ್ತು. ಇಳಿಯುತ್ತಿದೆ ಎಂಬುದು ಗೊತ್ತಾದ ಮೇಲೆ, ನಷ್ಟವಾಗುವುದಿಲ್ಲ ಎನ್ನುವವರು ಸಾಕ್ಷ್ಯ ತರಬೇಕು. ಕಾಲುವೆ ತೆರೆದದ್ದೋ ಕೊಳವೆಯದೋ, ಯಾವ ಗುಡ್ಡದ ಅಂಚಿನಲ್ಲಿ ಸಾಗುತ್ತದೆ, ಮಣ್ಣು ಎಲ್ಲಿ ಸುರಿಯುತ್ತಾರೆ, ವಿದ್ಯುತ್ ತಂತಿಗೆ ಎಷ್ಟು ಅಗಲ ಕಡಿಯುತ್ತಾರೆ, ಕಾಮಗಾರಿ ಯಾವ ತಿಂಗಳಲ್ಲಿ ನಡೆಯುತ್ತದೆ, ಇವೆಲ್ಲ ಬದಲಿಸಬಹುದಾದ ಸಂಗತಿಗಳು. ಹೆಣ್ಣು ಪೊಟರೆಯಲ್ಲಿ ಬಂಧಿಯಾಗಿರುವ ತಿಂಗಳುಗಳಲ್ಲಿ ಸ್ಫೋಟ ನಡೆಸದಿರುವುದು, ಗೂಡಿನ ಮರ ಸಿಕ್ಕಲ್ಲಿ ಕಾಲುವೆಯ ಗೆರೆಯನ್ನು ಸ್ವಲ್ಪ ಸರಿಸುವುದು ನೀರಿನ ಪಾಲನ್ನು ಒಂದು ಹನಿಯೂ ಕಡಿಮೆ ಮಾಡುವುದಿಲ್ಲ. ಆದರೆ ಮರ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಮಾತ್ರ ಗೆರೆ ಸರಿಸಲು ಸಾಧ್ಯ.

ಲೆಕ್ಕವಿಲ್ಲದೆ ಹೊರಟ ಯೋಜನೆಗಳ ಗತಿಯನ್ನೂ ನೋಡಿದ್ದೇವೆ. ನಮ್ಮ ನೆರೆಯಲ್ಲೇ ತಿನೈಘಾಟ್-ಕ್ಯಾಸಲ್‌ರಾಕ್-ಕುಳೆಂ ರೈಲು ಜೋಡಿಮಾರ್ಗಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ವರ್ಷಗಳ ಕೆಲಸ, ಹಣ, ವಾದ-ವಿವಾದ ಎಲ್ಲ ಮತ್ತೆ ಮೊದಲಿಗೆ ಬಂತು. ಪೊಟರೆಗಳ ಲೆಕ್ಕ ಮೊದಲೇ ಇದ್ದರೆ ಅಭಿವೃದ್ಧಿಗೂ ಅದು ಅಡ್ಡಿಯಲ್ಲ, ಆಧಾರ. ಇನ್ನೊಂದು ಮಾತು: ನರಗುಂದಕ್ಕೆ ನೀರು ಕೊಡಬೇಕಾದ ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ, ಮಂಗಟ್ಟೆಯ ಅದೇ ಕಾಡಿನ ಸೆರಗಿನಲ್ಲಿ. ಹಕ್ಕಿ ನೀರು ತರುತ್ತದೆ ಎಂದು ನಾನು ಉತ್ಪ್ರೇಕ್ಷೆ ಮಾಡುವುದಿಲ್ಲ. ಆದರೆ ಹಳೆಯ ಮರಗಳ ಕಾಡು ಉಳಿಯಲಿ ಎಂದು ಕೇಳಲು ಹಕ್ಕಿಯ ಪರ ಇರುವವರಿಗೂ ಹೊಳೆಯ ಪರ ಇರುವವರಿಗೂ ಕಾರಣವಿದೆ.

ಹಿರಿಯರು: ಕೊನೆಯ ಪ್ರಶ್ನೆ. ಇಷ್ಟೆಲ್ಲ ಮಾಡಿಯೂ ಖಾನಾಪುರದಲ್ಲಿ ಈ ಹಕ್ಕಿ ಕಡಿಮೆಯಾಯಿತು ಎಂದುಕೋ. ಕೊಡಗಿನಲ್ಲಿ, ಆಗುಂಬೆಯಲ್ಲಿ, ಕೇರಳದಲ್ಲಿ ಇದ್ದೇ ಇರುತ್ತದಲ್ಲ? ಪ್ರಭೇದ ಉಳಿಯಿತಲ್ಲ?

ಕಿರಿಯಳು: ಹಾಗೆಂದು ಕೊಡಗಿನವರೂ ಹೇಳಬಹುದು, ಆಗುಂಬೆಯವರೂ ಹೇಳಬಹುದು. ಪ್ರತಿ ತಾಲೂಕೂ ಪಕ್ಕದ ತಾಲೂಕನ್ನು ತೋರಿಸಿದರೆ ಹಕ್ಕಿ ಎಲ್ಲೂ ಉಳಿಯುವುದಿಲ್ಲ. ದೊಡ್ಡ ಭೂಖಂಡದಲ್ಲಿ ಹರಡಿದ ಜೀವಿ ಒಂದು ಮೂಲೆಯಲ್ಲಿ ಅಳಿದರೂ ಬೇರೆ ಕಡೆಯಿಂದ ಮತ್ತೆ ಬಂದು ತುಂಬಬಹುದು. ಒಂದೇ ಬೆಟ್ಟಸಾಲಿನ ಹಕ್ಕಿಗೆ ಆ ಭಾಗ್ಯವಿಲ್ಲ. ಬೆಟ್ಟಸಾಲು ಉದ್ದವಾಗಿದೆ, ಅಗಲವಾಗಿಲ್ಲ. ನಡುವೆ ಒಂದು ಕಡೆ ಕಾಡು ತುಂಡಾದರೆ ಸುತ್ತು ಹಾಕಿ ಬರಲು ಬೇರೆ ದಾರಿಯಿಲ್ಲ. ಖಾನಾಪುರ ಕಾಳಿ ಕಣಿವೆಯ ಕಾಡನ್ನು ಗೋವಾ ಮತ್ತು ಮಹಾರಾಷ್ಟ್ರದ ಸಹ್ಯಾದ್ರಿಗೆ ಜೋಡಿಸುವ ಜಾಗದಲ್ಲಿದೆ. ಇಲ್ಲಿಂದ ಉತ್ತರಕ್ಕೆ ಹೋದಷ್ಟೂ ನಿತ್ಯಹರಿದ್ವರ್ಣ ಕಾಡು ತೆಳುವಾಗುತ್ತದೆ, ಚೂರುಚೂರಾಗುತ್ತದೆ. ಇಲ್ಲಿ ಕೊಂಡಿ ಕಳಚಿದರೆ ಉತ್ತರದ ಹಕ್ಕಿಗಳು ದ್ವೀಪದಲ್ಲಿ ಸಿಕ್ಕಂತೆ ಉಳಿಯುತ್ತವೆ. ಅಂಥ ಸಣ್ಣ ಗುಂಪುಗಳು ಒಂದು ಕೆಟ್ಟ ವರ್ಷವನ್ನೂ ತಾಳಲಾರವು. ಪ್ರಭೇದದ ನೆಲೆ ಕುಗ್ಗುವುದು ಹೀಗೆಯೇ, ಒಂದೊಂದು ತಾಲೂಕಿನಲ್ಲಿ ನಡೆದ ಸಣ್ಣ ಸಣ್ಣ ನಷ್ಟಗಳು ಕೂಡಿಕೊಂಡು. ಜಿನೀವಾದ ಬಳಿ ಕಚೇರಿಯಿರುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಅದು ಒಂದು ಅಕ್ಷರದ ಬದಲಾವಣೆಯಾಗಿ ಕಾಣುವ ಹೊತ್ತಿಗೆ ಇಲ್ಲಿನ ಮರಗಳು ಬಿದ್ದು ದಶಕವಾಗಿರುತ್ತದೆ.

ಹಿರಿಯರು: ನಿನ್ನ ವಾದದ ಎರಡು ಭಾಗ ನನಗೆ ಒಪ್ಪಿಗೆ. ಹಕ್ಕಿ ಕಂಡ ಮಾತ್ರಕ್ಕೆ ಕ್ಷೇಮ ಎನ್ನಬಾರದು, ಲೆಕ್ಕ ಮೊದಲು ಬೇಕು. ಆದರೆ ಆ ಲೆಕ್ಕದ ಭಾರ ಮತ್ತೆ ಕಾಡಂಚಿನವರ ಮೇಲೆ ಬೀಳಬಾರದು ಎಂಬ ಆತಂಕ ನನ್ನಲ್ಲಿ ಉಳಿದಿದೆ. ಅದು ಬೀಳದ ಹಾಗೆ ನೋಡಿಕೊಳ್ಳುವವರು ಯಾರು?

ಕಿರಿಯಳು: ಆ ಆತಂಕ ಉಳಿಯಲಿ, ಅದು ಬೇಕು. ಹೊಸ ಕಾನೂನಿಗೆ ಕಾಯಬೇಕಿಲ್ಲ, ಇರುವುದನ್ನೇ ಬಳಸಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಕಣಕುಂಬಿ, ಜಾಂಬೋಟಿ, ಲೋಂಡಾ ಕಡೆಯ ಪಂಚಾಯಿತಿಗಳ ಆ ದಾಖಲಾತಿಯಲ್ಲಿ ಪೊಟರೆ ಇರುವ ಪ್ರತಿ ಹೆಮ್ಮರಕ್ಕೂ ಒಂದು ಸಾಲು ಸಿಗಲಿ: ಮರದ ಜಾತಿ, ಸುತ್ತಳತೆ, ಸರ್ವೇ ನಂಬರು, ಯಾವ ವರ್ಷ ಗೂಡು ಕಂಡಿತು, ಮರಿ ಹೊರಬಂತೇ ಇಲ್ಲವೇ. ಬರೆಯುವವರು ಅಲ್ಲಿನ ಯುವಕರು, ಅವರಿಗೆ ದಿನಗೂಲಿ ಕೊಡುವವರು ಅರಣ್ಯ ಇಲಾಖೆ ಮತ್ತು ಆ ಕಾಡಿನ ಮೂಲಕ ಯೋಜನೆ ಒಯ್ಯಬಯಸುವವರು. ಹಾಗಾದರೆ ನೀವು ಹೇಳಿದ ಭಾರ ಬೀಳಬೇಕಾದವರ ಮೇಲೆಯೇ ಬೀಳುತ್ತದೆ. ಬೆಳಗಾವಿಯ ಕಾಲೇಜುಗಳ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ವಿಭಾಗಗಳು ಆ ಲೆಕ್ಕವನ್ನು ಪ್ರತಿ ಬೇಸಿಗೆ ಪರಿಶೀಲಿಸಲಿ. ಗೂಡಿನ ಜಾಗದ ವಿವರ ಬೇಟೆಗಾರರ ಕೈಗೂ ಫೋಟೋ ಹುಚ್ಚಿನವರ ಕೈಗೂ ಹೋಗದಂತೆ ಸಮಿತಿಯ ಬಳಿಯೇ ಇರಲಿ. ಅರಣ್ಯ ವಿಭಾಗದ ಕಾರ್ಯಯೋಜನೆ ಬರೆಯುವಾಗ, ರಸ್ತೆ, ತಂತಿ, ಕಾಲುವೆ, ಯಾವುದಕ್ಕೇ ಆಗಲಿ ಮರಗಳಿಗೆ ನಂಬರು ಹೊಡೆಯುವಾಗ, ಅಧಿಕಾರಿಯ ಕೈಯಲ್ಲಿ ಮೊದಲು ಆ ಪುಸ್ತಕ ಇರಬೇಕು. ಒಂದು ಪ್ರಭೇದದ ಸ್ಥಿತಿಗತಿ ಜಗತ್ತಿನ ಪಟ್ಟಿಯಲ್ಲಿ ದಾಖಲಾಗುತ್ತದೆ, ನಿರ್ಧಾರವಾಗುವುದು ಮಾತ್ರ ಇಂಥ ಪಂಚಾಯಿತಿಯ ಪುಸ್ತಕದಲ್ಲಿ. ಖಾನಾಪುರದಲ್ಲಿ ಆ ಪುಸ್ತಕ ಬರೆದು ಮುಗಿಯುವವರೆಗೆ ಒಂದೇ ಒಂದು ಹಳೆಯ ಮರಕ್ಕೂ ಕಡಿತದ ಗುರುತು ಬೀಳಬಾರದು ಎಂಬುದು ನನ್ನ ಬೇಡಿಕೆ.